ಎದುರಿನ ತಾಟು

ಉಪ್ಪು ಹೆಚ್ಚಾಗಿದೆ ಎಂದು ನಮ್ಮ ಮನೆಯವರು ತಾಟು ಸರಿಸಿದಾಗ ನಾನು, "ಹಂಗಾರ ಅಕ್ಕಿಆಲೂರ ಖಾನಾವಳ್ಯಾಗ ಉಣ್ಣ ಹೋಗ್ರಿ" ಎಂದಿದ್ದೆ. ಅವರು ಹೋದರು. ಬಸ್ಸಿಳಿದು ಖಾನಾವಳಿ ಮುಟ್ಟುವ ಮೊದಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡರು. ಅದು ಎಪ್ಪತ್ತೆಂಟನೆಯ ಇಸವಿ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನೇ ಆ ಖಾನಾವಳಿಗೆ ಹೋದೆ. ಅದನ್ನು ನಡೆಸುವ ಕರೆವ್ವನಿಗೆ ನಮ್ಮಿಬ್ಬರ ಗುರುತೂ ಇರಲಿಲ್ಲ. ಆದರೂ ಎರಡು ತಾಟು ಬಡಿಸಿದಳು.

"ನಾ ಒಬ್ಬಾಕಿನ ಬಂದೇನ್ರಿ, ಅಕ್ಕಾ."

"ಚ್ಯಾಷ್ಟಿ ಮಾಡಬ್ಯಾಡ ತಂಗಿ. ನಿನ್ನ ಹಿಂದ ಬಂದವರು ಹಿತ್ತಲದಾಗ ಕೈ ತೊಳಿಯಾಕತ್ತಾರ."

ತಂಬಿಗೆಯಿಂದ ನೀರು ಸುರಿಯುವ ಸದ್ದು ನನಗೂ ಕೇಳುತ್ತಿತ್ತು. ಎದ್ದು ಹೋಗಿ ನೋಡಿದೆ. ಕೈ ತೊಳೆಯುವ ಕಲ್ಲು ಒಣಗಿತ್ತು. ತಿರುಗಿ ಬರುವಷ್ಟರಲ್ಲಿ ನನ್ನ ಬದನೆಕಾಯಿ ಪಲ್ಯ ಬಾವಿನೀರಿನಂತೆ ತಣ್ಣಗಾಗಿತ್ತು; ಎದುರಿನ ತಾಟಿನಲ್ಲಿ ಹಬೆ ಇನ್ನೂ ಏಳುತ್ತಿತ್ತು. ಅವರಿಗಿಂತ ಮೊದಲು ನಾನೆಂದೂ ಉಂಡವಳಲ್ಲ. "ಉಣ್ರಿ, ಸಿಟ್ಟು ಬಿಡ್ರಿ" ಎಂದು ಮೆಲ್ಲಗೆ ಹೇಳಿದೆ. ಕಣ್ಣು ತುಂಬಿ ಬಂತು, ತಲೆ ತಗ್ಗಿಸಿದೆ. ರೊಟ್ಟಿ ಮುರಿಯುವ ಸದ್ದು ಕೇಳಿತು.

ತಲೆ ಎತ್ತಿದಾಗ ಎದುರಿಗೆ ಯಾರೂ ಇರಲಿಲ್ಲ. ಕರೆವ್ವ ತಾಟು ಎತ್ತಿಕೊಂಡು, "ಪಾಪ, ಎಷ್ಟು ಹಸದಿದ್ರೋ ಏನೋ!" ಎಂದಳು.

ಎಂಥ ಜಗಳವಾಡಿದ ದಿನವೂ ಅವರು ನನಗೆಂದು ಒಂದು ತುತ್ತು ಬಿಟ್ಟೇ ಏಳುತ್ತಿದ್ದರು. ಆ ತಾಟಿನಲ್ಲಿ ಒಂದು ಚೂರೂ ಉಳಿದಿರಲಿಲ್ಲ.