ಮೂರನೇ ಪ್ರೂಫ್

"ಈ ಕ್ಯಾಪ್ಟನ್ನ ಇನ್ನೆಷ್ಟು ಸಲ ಸಾಯಿಸ್ಲಿ ಸಾರ್?"

ಲೋಹಿತಾ ಪ್ರೂಫ್ ಹಾಳೆಗಳನ್ನು ಟೇಬಲ್ ಮೇಲೆ ಇಟ್ಟಳು. ಎಸೆಯುವಷ್ಟು ಸಿಟ್ಟಿತ್ತು, ಎಸೆಯಲು ತೋಳಿನಲ್ಲಿ ತ್ರಾಣವಿರಲಿಲ್ಲ. ಬೆಳಗಿನಿಂದ ಪಾವಗಡದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಮಿಡಿಗೇಶಿ ದಾಟುವವರೆಗೂ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ನೇರವಾಗಿ ಕೊರಟಗೆರೆಯ ಮನೆಗೆ ಹೋಗಿ ಬಿದ್ದುಕೊಳ್ಳಬೇಕಾದವಳು ಮಧುಗಿರಿಯಲ್ಲಿ ಇಳಿದದ್ದು ಈ ಗೈಡಿಗಾಗಿ.

ಪ್ರಭುದೇವ್ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಮತ್ತೆ ಹಾಳೆ ನೋಡಿದ. "ಯಾಕೆ ಮೇಡಂ, ಬದುಕಿದಾನಾ?"

"ಬದುಕೋದೇನು, ಐದನೇ ಅಂಕದಲ್ಲಿ ಮದುವೆ ಊಟಕ್ಕೇ ಕೂತಿದಾನೆ. ನಾಲ್ಕನೇ ಅಂಕದಲ್ಲೇ ಸತ್ತ ಅಂತ ಹೋದ ಸಲಾನೂ ತಿದ್ದಿದ್ದೆ. ಅದರ ಹಿಂದಿನ ಸಲಾನೂ ತಿದ್ದಿದ್ದೆ."

"ಟೀ ಹೇಳ್ಲಾ?"

"ಹೇಳಿ," ಎಂದಳು. ಜಗಳಕ್ಕೂ ಒಂದು ಲೋಟ ಟೀ ಬೇಕಿತ್ತು.

ಬಸ್ ಸ್ಟ್ಯಾಂಡ್ ಹಿಂದಿನ ಈ ಪುಟ್ಟ ಅಂಗಡಿಯಲ್ಲಿ ಅವನು ಮಾರುವುದೂ ಗೈಡು, ಕೂತು ಬರೆಯುವುದೂ ಗೈಡು. ಬಿ.ಎ. ಓದುವವರಿಗೆ ಹಳೆಯ ಇಂಗ್ಲಿಷ್ ನಾಟಕ, ಕಾದಂಬರಿಗಳ ಸಾರಾಂಶ. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳಿಗೆ ಪಾಠದ ಕೈಪಿಡಿ. ಅಂಗಡಿ ಇಡುವವರಿಗೆ ವ್ಯಾಪಾರದ ಕೈಪಿಡಿ. ಸಿರಾದಿಂದ ಪಾವಗಡದವರೆಗೆ ಇವನ ಗೈಡ್ ಓದದೆ ಇಂಗ್ಲಿಷ್ ಪಾಸಾದವರು ಕಡಿಮೆ. ಮೂಲ ಪುಸ್ತಕ ಓದಿ ಪಾಸಾದವರಂತೂ ಇನ್ನೂ ಕಡಿಮೆ.

ಹೋದ ವರ್ಷ ಅವಳು ಇಲ್ಲಿಗೆ ಮೊದಲ ಸಲ ಬಂದದ್ದೇ ಜಗಳಕ್ಕೆ. ಗೈಡಿನಲ್ಲಿದ್ದ ತಪ್ಪನ್ನೇ ಇಡೀ ಕ್ಲಾಸು ಉತ್ತರ ಪತ್ರಿಕೆಯಲ್ಲಿ ಇಳಿಸಿತ್ತು. ಅವಳ ಕೂಗಾಟವನ್ನೆಲ್ಲ ಕೇಳಿಸಿಕೊಂಡು ಅವನು ಕುರ್ಚಿ ಎಳೆದುಕೊಟ್ಟಿದ್ದ. "ಕೂತ್ಕೊಂಡು ಬೈರಿ ಮೇಡಂ. ನಿಂತು ನಿಂತು ಸುಸ್ತಾಗಿದೀರ," ಎಂದಿದ್ದ. ಅವಳಿಗೆ ಸುಸ್ತಾಗಿದೆ ಎಂದು ಆ ವರ್ಷ ಬೇರೆ ಯಾರೂ ಗಮನಿಸಿರಲಿಲ್ಲ. ಮುಂದಿನ ಗೈಡನ್ನು ತಿದ್ದಿಕೊಡಲು ಆವತ್ತೇ ಒಪ್ಪಿಕೊಂಡುಬಿಟ್ಟಿದ್ದಳು.

ಅಂದಿನಿಂದ ಇದೇ ಕುರ್ಚಿ. ಅವಳು ಕೈ ಚಾಚುವ ಮೊದಲೇ ಕೆಂಪು ಪೆನ್ನಿನ ಕ್ಯಾಪ್ ತೆಗೆದು ಇಡುತ್ತಿದ್ದ. ಅವಳು ತಲೆ ತಗ್ಗಿಸಿದಾಗ ನೋಡುತ್ತಿದ್ದ, ಎತ್ತಿದಾಗ ಗಲ್ಲಾಪೆಟ್ಟಿಗೆ ಒರೆಸುತ್ತಿದ್ದ. ಆ ಗಲ್ಲಾಪೆಟ್ಟಿಗೆಯಷ್ಟು ಚೊಕ್ಕಟವಾದದ್ದು ಮಧುಗಿರಿಯಲ್ಲಿ ಇನ್ನೊಂದು ಇದ್ದಿರಲಾರದು. ಅವಳಿಗೆ ನಗು ಬರುತ್ತಿತ್ತು. ಅವನು ಇಷ್ಟವಾಗಿದ್ದ. ಹೇಳಿಕೊಳ್ಳುವ ಹುಮ್ಮಸ್ಸು ಮಾತ್ರ ಬಸ್ಸಿನಲ್ಲೇ ಖರ್ಚಾಗಿ ಹೋಗುತ್ತಿತ್ತು.

ಟೀ ಬಂತು. ಅವಳು ಒಂದು ಗುಟುಕು ಕುಡಿದು ಹೇಳಿದಳು. "ಸೋಮವಾರ ಅತಿಥಿ ಉಪನ್ಯಾಸಕರ ಕೌನ್ಸೆಲಿಂಗ್. ಬರೋ ವರ್ಷಕ್ಕೆ ಯಾವ ಕಾಲೇಜು ಅಂತ ಆರಿಸ್ಕೋಬೇಕು. ತಿಪಟೂರಲ್ಲಿ ಖಾಲಿ ಇದೆ. ಅಕ್ಕನ ಮನೆಯಿಂದ ನಡ್ಕೊಂಡೇ ಹೋಗ್ಬೋದು."

ಅವನ ಕೈಯ ಬಟ್ಟೆ ಗಲ್ಲಾಪೆಟ್ಟಿಗೆಯ ಮೇಲೇ ನಿಂತಿತು. "ಒಳ್ಳೇದೇ ಅಲ್ವಾ ಮೇಡಂ," ಎಂದ.

ಒಳ್ಳೆಯದೇ. ಬಸ್ಸಿಲ್ಲ, ಧೂಳಿಲ್ಲ. ಅವನು ಬೇಡ ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಪಕ್ಕದ ಡಿಟಿಪಿ ಅಂಗಡಿಯ ಕಮಲಾಕ್ಷಮ್ಮ ಬಾಗಿಲಿಗೆ ಬಂದರು. ಗೈಡನ್ನು ಟೈಪ್ ಮಾಡುವವರು ಅವರೇ. ಲೋಹಿತಾ ಅವರಿಗೆ ಹಾಳೆ ತೋರಿಸಿದಳು. "ಏನಮ್ಮಾ ಇದು? ತಿದ್ದಿದ್ದು ಒಂದೂ ಬಂದಿಲ್ಲ."

"ಅಯ್ಯೋ, ನಾನು ಎಲ್ಲಾ ಸರಿ ಮಾಡಿದ್ದೆ ಕಣಮ್ಮ! ಇವ್ರೇ ಬಂದು, ಹಳೇದೇ ಇರ್ಲಿ ಬುಡಿ ಅಂದ್ಬುಟ್ರು. ಎರಡು ಸಲಾನೂ ಅಂಗೇ ಅಂದ್ರು. ನಂಗೇನ್ ಗೊತ್ತು, ಸತ್ತೋನು ಎದ್ದು ಬರೋ ನಾಟಕ ಅನ್ಕಂಡೆ."

ಕಮಲಾಕ್ಷಮ್ಮ ಇಬ್ಬರ ಮುಖ ನೋಡಿ, ಒಲೆ ಮೇಲೆ ಹಾಲಿದೆ ಎಂದು ಹೊರಟುಬಿಟ್ಟರು. ಡಿಟಿಪಿ ಅಂಗಡಿಯಲ್ಲಿ ಒಲೆಯೇ ಇರಲಿಲ್ಲ.

"ನಿಜಾನಾ?" ಲೋಹಿತಾ ಕೇಳಿದಳು.

"ನಿಜ." ಪ್ರಭುದೇವ್ ಕನ್ನಡಕ ತೆಗೆದ. "ಪುಸ್ತಕ ಪ್ರೆಸ್ಸಿಗೆ ಹೋದ್ರೆ ನಿಮಗೆ ಇಲ್ಲಿ ಇಳಿಯೋ ಕೆಲಸ ಇರಲ್ಲ. ಅದಕ್ಕೆ."

ಬೇರೆ ಹೆಣ್ಣಾಗಿದ್ದರೆ ನಾಚಿಕೊಳ್ಳುತ್ತಿದ್ದಳೋ ಏನೋ. ಲೋಹಿತಾಳ ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನ ನೀರು.

"ನಾನು ಎಂಥಾ ಸುಸ್ತಲ್ಲಿ ಬಂದು ಇದನ್ನ ತಿದ್ತಿದ್ದೆ, ಗೊತ್ತಾ? ತೂಕಡಿಸ್ಕೊಂಡು ತಿದ್ದಿದೀನಿ. ಮಾಡಿದ್ದೇ ಮಾಡ್ಸಿದ್ರಲ್ಲ ನನ್ನ ಕೈಲಿ! ಪರೀಕ್ಷೆ ತಲೆ ಮೇಲೆ ಬಂತು, ಹುಡುಗೀರು ದಿನಾ ಗೈಡ್ ಯಾವಾಗ ಮಿಸ್ ಅಂತಾರೆ. ಸೀಸನ್ ಮುಗಿದ ಮೇಲೆ ಬಂದ ಸರಕು ಯಾರೂ ಕೊಳ್ಳಲ್ಲ ಅಂತ ವ್ಯಾಪಾರದ ಕೈಪಿಡೀಲಿ ಬರೆದೋರು ನೀವೇ ತಾನೇ?"

"ನಾನೇ."

"ಮತ್ತೆ?"

"ಸಿರಾದ ಅಂಗಡಿಯೋರು ಆಗ್ಲೇ ಬೇರೆ ಗೈಡ್ ತರಿಸ್ಕೊಂಡಿದಾರೆ. ಹೋಗ್ಲಿ ಅನ್ಕೊಂಡೆ. ಆದ್ರೆ ನಿಮ್ಮ ಸುಸ್ತನ್ನ ಮಾತ್ರ ಮರೆತೆ. ಅದು ತಪ್ಪು. ತುಂಬಾ ದೊಡ್ಡ ತಪ್ಪು."

"ಇಳೀರಿ ಅಂತ ಬಾಯಿಬಿಟ್ಟು ಕೇಳ್ಬೋದಿತ್ತಲ್ಲ!"

"ಕೇಳಿದ್ರೆ ಇಲ್ಲ ಅಂತೀರೇನೋ ಅಂತ ಭಯ."

ಅವಳು ಕಣ್ಣೊರೆಸಿಕೊಂಡಳು. "ಮೊದಲು ಇದನ್ನ ಪ್ರೆಸ್ಸಿಗೆ ಕಳಿಸಿ. ಈಗ, ನನ್ನೆದುರಿಗೆ."

ಅವನು ಪಕ್ಕದ ಅಂಗಡಿಗೆ ಹೋದ. ಅವಳೂ ಹಿಂದೆ ಹೋಗಿ ನಿಂತಳು. ಕಮಲಾಕ್ಷಮ್ಮ ಸರಸರನೆ ತಿದ್ದಿ ತುಮಕೂರಿನ ಪ್ರೆಸ್ಸಿಗೆ ಮೇಲ್ ಮಾಡಿದರು. ಕ್ಯಾಪ್ಟನ್ ಕೊನೆಗೂ ಸತ್ತ.

ಇಬ್ಬರೂ ವಾಪಸ್ಸು ಬಂದು ಕೂತರು. ಟೇಬಲ್ ಮೇಲೆ ತಿದ್ದಲು ಏನೂ ಇರಲಿಲ್ಲ. ಹೊರಗೆ ಕಂಡಕ್ಟರ್ ಒಬ್ಬ ಕೊರಟಗೆರೆ, ತುಮಕೂರು ಎಂದು ಕೂಗುತ್ತಿದ್ದ. ಅವಳು ಬ್ಯಾಗಿನ ಕಡೆ ಕೈ ಚಾಚಲಿಲ್ಲ.

"ತಿಪಟೂರಿಗೆ ಹೋಗ್ಬೇಡಿ," ಎಂದ ಅವನು. "ಸುಸ್ತಾಗುತ್ತೆ, ಗೊತ್ತು. ಮಧುಗಿರೀಲೇ ಇದ್ರೆ ದಾರಿ ಅಷ್ಟು ಕಮ್ಮಿ ಆಗುತ್ತೆ. ನಮ್ಮನೇಲಿ ಇರಿ ಅಂತ ಕೇಳ್ತಾ ಇದೀನಿ. ನನ್ನ ಮದುವೆ ಆಗಿ ಲೋಹಿತಾ. ಯಾವ ನೆಪಾನೂ ಇಲ್ದೆ ಕೇಳ್ತಿದೀನಿ."

ಮೇಡಂ ಅನ್ನದೆ ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಫೋನ್ ತೆಗೆದು, ಅಮ್ಮನ ನಂಬರ್ ಒತ್ತಿ, ಅವನ ಕೈಗೆ ಕೊಟ್ಟಳು.

"ನಮ್ಮಮ್ಮ ಶಿವರುದ್ರಮ್ಮ. ಮಾತಾಡಿ."

"ಅಯ್ಯೋ, ಏನಂತ ಹೇಳ್ಲಿ?"

"ಈಗ ನನ್ಹತ್ರ ಹೇಳಿದ್ದನ್ನೇ. ನಾನು ಹೂಂ ಅಂದೆ ಅಂತಾನೂ ಹೇಳಿ. ನನಗೆ ನಿದ್ದೆ ಬರ್ತಿದೆ. ಈ ಬಸ್ ಹೋದ್ರೂ ಎಬ್ಬಿಸ್ಬೇಡಿ."

ಅವಳು ತೋಳಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಅಂಗಡಿಯ ಶಟರ್ ಅರ್ಧ ಇಳಿದ ಸದ್ದು ಕೇಳಿಸಿತು. ಆಮೇಲೆ, ಅವಳಿಗೆ ಎಚ್ಚರವಾಗದಿರಲೆಂದು ಪಿಸುಮಾತಿನಲ್ಲಿ, "ಅಮ್ಮಾ, ನಾನು ಮಧುಗಿರಿಯಿಂದ ಪ್ರಭುದೇವ್. ಗಾಬರಿ ಆಗ್ಬೇಡಿ, ಲೋಹಿತಾ ಇಲ್ಲೇ ಮಲಗಿದಾರೆ," ಎಂಬ ಮಾತು.