ಎರಡೂ ಅಂಚು ಸವೆದ ಗೆತಾ

ನೊಬುಯೆ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನ ಮರದ ಪಾದರಕ್ಷೆಗಳನ್ನು ಬೆಳಕಿಗೆ ಹಿಡಿದಳು. ಮರುದಿನ ಟೋಕಿಯೋದ ಪ್ರದರ್ಶನಕ್ಕೆ ಹೋಗಬೇಕಿದ್ದ ಹೊಸ ಗೆತಾ ಜೋಡಿಯ ಹಿಮ್ಮಡಿ ಸವೆದಿತ್ತು. ಯಾರೋ ವಾರಗಟ್ಟಲೆ ಮೆಟ್ಟಿ ತಿರುಗಾಡಿ, ಒರೆಸಿ, ಮತ್ತೆ ಒಳಗಿಟ್ಟಿದ್ದರು.

ಮಿಕುಮಾ ನದಿ ದಂಡೆಯ ಆ ಕಾರ್ಖಾನೆಗೆ ಸೆತ್ಸು ವಿನ್ಯಾಸ ಮಾಡಲು ಬಂದು ವರ್ಷವಾಗಿತ್ತು. ಅಲ್ಲಿ ತಯಾರಾಗುವ ಮರದ ಗೆತಾಗಳಿಗೆ ಎಡ ಬಲ ಎಂಬುದಿಲ್ಲ. ಒಂದೇ ಅಚ್ಚಿನ ಎರಡು ಹಲಗೆ. ಈ ಹೊಸ ಜೋಡಿಯನ್ನು ಮಾತ್ರ ಸೆತ್ಸು, ಪಾದದ ಆಕಾರಕ್ಕೆ ತಕ್ಕಂತೆ ಎಡಕ್ಕೊಂದು, ಬಲಕ್ಕೊಂದು ಕೆತ್ತಿದ್ದಳು. ವ್ಯತ್ಯಾಸ ಕಣ್ಣಿಗೆ ಕಾಣದು, ಕಾಲಿಗೇ ಗೊತ್ತಾಗಬೇಕು. ಅವಳು ಅದನ್ನು ಎಲ್ಲರಿಗೂ ವಿವರಿಸತೊಡಗಿದ ದಿನ ಹಿರಿಯ ಮೇಸ್ತ್ರಿ ಕುನಿಯೆದಾ, "ಇದು ಆಟದ ಸಾಮಾನು" ಎಂದು ಪೂರ್ತಿ ಕೇಳದೆ ಎದ್ದು ಹೋಗಿದ್ದರು. ಅಲ್ಲಿಂದೀಚೆಗೆ ಅವಳೊಂದಿಗೆ ಮಾತೇ ಇಲ್ಲ.

ಪೆಟ್ಟಿಗೆಯ ಬೀಗದ ಕೈ ಇದ್ದದ್ದು ನಾಲ್ವರ ಬಳಿ: ಸೆತ್ಸು, ಕುನಿಯೆದಾ, ಅಂಗಡಿ ನೋಡಿಕೊಳ್ಳುವ ನೊಬುಯೆ, ಯಜಮಾನ ಇವಾಕುರಾ.

"ಇನ್ಯಾರು ಮೆಟ್ಟಿರ್ತಾರೆ? ಅವಳದೇ ಶೋಕಿ," ಎಂದರು ಇವಾಕುರಾ. "ಉಣ್ಣೋದೂ ಒಬ್ಬಳೇ, ತಿರುಗೋದೂ ಒಬ್ಬಳೇ. ಸಾಯಂಕಾಲದೊಳಗೆ ಗಂಟುಮೂಟೆ ಕಟ್ಲಿ."

ಸೆತ್ಸು ತನ್ನ ಉಳಿಗಳನ್ನು ಚೀಲಕ್ಕೆ ತುಂಬತೊಡಗಿದಳು. ಅವಳ ಪರ ಮಾತಾಡಲು ಆ ಊರಲ್ಲಿ ಯಾರೂ ಇರಲಿಲ್ಲ. ನೊಬುಯೆ ಗೆತಾ ಜೋಡಿ ಹಿಡಿದು ಮಹಡಿ ಹತ್ತಿದಳು. ಅಲ್ಲಿ ಬಾಡಿಗೆಗಿದ್ದ ಹಿಸಾಯೊ ಪೊಲೀಸ್ ಇಲಾಖೆಯಿಂದ ನಿವೃತ್ತಳಾದವಳು. ಊರಿನ ಎಷ್ಟೋ ಕಳ್ಳತನಗಳು ಅವಳ ಚಹಾದ ಮೇಜಿನ ಮೇಲೇ ಬಯಲಾಗಿದ್ದವು.

ನಡೆದದ್ದನ್ನೆಲ್ಲ ಕೇಳಿದ ಹಿಸಾಯೊ ಗೆತಾಗಳನ್ನು ಬೋರಲು ಹಾಕಿದಳು. ಎರಡು ಹಲಗೆಗಳಲ್ಲೂ ಹಿಮ್ಮಡಿಯ ಒಳ ಅಂಚು, ಹೊರ ಅಂಚು ಸಮನಾಗಿ ಸವೆದಿದ್ದವು.

"ನಿನ್ನ ಗೆತಾ ತೋರಿಸು."

ನೊಬುಯೆಯದೂ ಹಾಗೇ ಸವೆದಿತ್ತು. "ದಿನಾ ಎಡ ಬಲ ಬದಲಾಯಿಸ್ತೀನಲ್ಲ ಅಕ್ಕಾ, ಎಲ್ಲರ ಹಾಗೆ. ಇಲ್ದಿದ್ರೆ ಒಂದೇ ಕಡೆ ಸವೆಯುತ್ತೆ."

"ಎಲ್ಲರನ್ನೂ ಕೆಳಗೆ ಕರಿ."

ಅಂಗಡಿಯಲ್ಲಿ ಎಲ್ಲರೂ ಕೂತ ಮೇಲೆ ಹಿಸಾಯೊ ಗೆತಾ ಎತ್ತಿ ಹಿಡಿದಳು. "ನಡೆಯುವಾಗ ಹಿಮ್ಮಡಿಯ ಹೊರ ಅಂಚೇ ಸವೆಯೋದು. ಇಲ್ಲಿ ಎರಡೂ ಸವೆದಿವೆ. ಅಂದ್ರೆ ಮೆಟ್ಟಿದವರು ದಿನಾ ಕಾಲು ಬದಲಾಯಿಸಿದ್ದಾರೆ. ಕೆತ್ತಿದ ಸೆತ್ಸು ಹಾಗೆ ಮಾಡಲ್ಲ. ಯಜಮಾನ್ರು, ನೊಬುಯೆ ಅವಳ ವಿವರಣೆ ಪೂರ್ತಿ ಕೇಳಿದವರು. ಇದಕ್ಕೆ ಎಡ ಬಲ ಇದೆ ಅಂತ ಗೊತ್ತಿಲ್ಲದವರು ಒಬ್ಬರೇ. ಅವತ್ತು ಎದ್ದು ಹೋದವರು."

ಕುನಿಯೆದಾ ತಲೆ ಎತ್ತಲಿಲ್ಲ. "ಎಡ ಬಲ?"

"ಹೌದು ಮೇಸ್ತ್ರಿಗಳೇ," ಎಂದಳು ಹಿಸಾಯೊ.

"ನಸುಕಿನಲ್ಲಿ ನದಿ ದಂಡೆ ಮೇಲೆ ನಡೀತಿದ್ದೆ," ಎಂದರು ನಿಧಾನವಾಗಿ. "ಏನು ಮಹಾ ಮಾಡಿದ್ದಾಳೆ ನೋಡೋಣ ಅಂತ. ಒಂದು ದಿನ ಹಾಸಿಗೆ ಮೇಲೆ ನಡೆದ ಹಾಗೆ. ಮಾರನೇ ದಿನ ಬೆರಳು ಕಿತ್ತು ಬರೋ ಹಾಗೆ. ಯಾಕೆ ಅಂತ ತಲೆ ಕೆಟ್ಟುಹೋಯ್ತು."

"ಕೇಳಬಹುದಿತ್ತಲ್ಲ," ಎಂದಳು ನೊಬುಯೆ.

"ಯಾರನ್ನ? ಮನೇಲಿ ಗೋಡೆಗಳಿವೆ. ಇಲ್ಲಿ ಇವಳ ಜೊತೆ ನಾನೇ ಮಾತು ಬಿಟ್ಟಿದ್ದೆ."

"ಹುಡುಗಿ ಕೆಲಸ ಕಳ್ಕೊಂಡ್ರೂ ಸುಮ್ನೆ ಕೂರ್ತಿದ್ರಾ?" ನೊಬುಯೆ ಬಿಡಲಿಲ್ಲ.

"ಬೆಳಿಗ್ಗೆಯಿಂದ ಹೇಳಬೇಕು ಅಂತಲೇ ಇದ್ದೆ. ನಾಲಿಗೆ ಏಳಲಿಲ್ಲ."

ಇವಾಕುರಾ ಸೆತ್ಸುವಿನತ್ತ ತಿರುಗಿದರು. "ನೀನು ಎಲ್ಲಿಗೂ ಹೋಗೋದು ಬೇಡಮ್ಮ. ಆದ್ರೆ ಪ್ರದರ್ಶನ?"

"ಸವೆದದ್ದೇ ಹೋಗ್ಲಿ," ಎಂದಳು ಸೆತ್ಸು. ಗೆತಾಗಳನ್ನು ಮುದುಕನ ಮುಂದೆ ಜೋಡಿಸಿಟ್ಟಳು. "ಇದು ಎಡ."

ಕುನಿಯೆದಾ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ಬಂದರು.

"ಕಿರುಬೆರಳ ಹತ್ತಿರ ಇನ್ನೂ ಒತ್ತುತ್ತೆ."

"ಎಲ್ಲಿ?" ಸೆತ್ಸು ಪೆನ್ಸಿಲ್ ಹಿಡಿದು ನೆಲಕ್ಕೆ ಕೂತಳು.