ಪೈಲ್ವಾನರ ತಕ್ಕಡಿ

“ಏ ಮುದುಕಿ, ತಕ್ಕಡಿ ಡಬ್ಬ ಹಾಕು!”

ತೂಕ ನೋಡೋ ಸಾಹೇಬ ಒದರಿದ ಕೂಡ್ಲೆ ಗೋಕಾಕ ಸಂತಿ ಗಪ್ ಆತು. ಇಂಗ್ಲಿಷರ ಸರಕಾರದ ಸಾಹೇಬ, ತಲಿಮ್ಯಾಲ ಟೊಪಗಿ, ಬಾಜೂಕ ಪೊಲೀಸ. ಮಮದಾಪುರದ ಯಲ್ಲವ್ವ ಒಣ ಮೆಣಸಿನಕಾಯಿ ಚೀಲದ ಮುಂದ ಕುಂತಾಕಿ ಅಳ್ಳಾಡ್ಲಿಲ್ಲ. ಸಾಹೇಬ ತಾನ ತಕ್ಕಡಿ ಕಸ್ಕೊಂಡು ತಳ ಮ್ಯಾಲ ಮಾಡಿ ಡಬ್ಬ ಹಾಕಿದ. ಮಾಲು ಇಡೋ ಪರಡಿ ತಳಕ್ಕ ನಿಂಬಿಕಾಯಿಯಷ್ಟು ಹುಣಚಿಹಣ್ಣು ಮೆತ್ತಿತ್ತು.

“ನೋಡ್ರೆಪಾ! ಗಿರಾಕಿಗೆ ಮೆಣಸಿನಕಾಯಿ ಅಂತ ಹುಣಚಿಹಣ್ಣು ತೂಗಾಕತ್ತಾಳ!”

ಸಂತಿಗೆ ಸಂತೀನ ನಕ್ಕಿತು.

ಬಾಜೂಕ ಬೆಲ್ಲದ ಅಂಗಡಿ ಕಟ್ಟಿಮ್ಯಾಲ ಕುಂತಿದ್ದ ಅಕ್ಕವ್ವ ನಗ್ಲಿಲ್ಲ. ಹತ್ತು ವರ್ಷದ ಹುಡುಗಿ, ಹೆಣ್ಣುಮಕ್ಕಳ ಸಾಲ್ಯಾಗ ನಾಕನೇತ್ತೆ. ಅಂಗಡಿ ಅಕಿ ಅಪ್ಪಂದು. ದಿನಾ ಮುಂಜಾನೆ ಮನಿಯಿಂದ ಹುಣಚಿಹಣ್ಣು ತಂದುಕೊಡೂದು ಅಕಿ ಕೆಲಸ. ಅಪ್ಪ ಅದನ್ನ ನಾದಿ ಪರಡಿ ತಳಕ್ಕ ಮೆತ್ತತಿದ್ದ. ಗಾಡಿ ಅಚ್ಚಿಗೆ ಎಣ್ಣಿ ಬಿಡ್ತಾರಲ್ಲ, ತಕ್ಕಡಿಗೆ ಹುಣಚಿಹಣ್ಣೂ ಹಂಗ ಅಂತ ತಿಳಕೊಂಡಿದ್ಲು, ಪಾಪ! ಈಗ ಖರೆ ತಿಳೀತು. ಅಪ್ಪನ್ನೂ ಹಿಡಕೊಂಡು ಹೋದ್ರ?

ಸಾಹೇಬ ಅಂಗಡಿ ಮುಂದ ಬಂದ. ಬಂದಾಂವ ಮಾರಿ ತುಂಬ ನಕ್ಕ.

“ಲಕ್ಕಪ್ಪ ಪೈಲ್ವಾನರು! ಹುಕ್ಕೇರ್ಯಾಗ ನೀವು ಆ ಮಿರಜಿನ ಜಟ್ಟಿನ್ನ ಚಿತ್ ಮಾಡಿದ್ದು, ಅಬಬಬ! ನಾ ಕಣ್ಣಾರೆ ನೋಡೇನ್ರಿ!”

ಅಕ್ಕವ್ವನ ಅಪ್ಪ ಲಕ್ಕಪ್ಪ ಆನಿಯಂಥಾ ಆಳು. ಸುತ್ತ ಹಳ್ಳ್ಯಾಗ ಅಂವನ ಹೆಸರು ಗೊತ್ತಿಲ್ಲದ ಹುಡುಗ ಇರ್ಲಿಲ್ಲ. ಬೆಲ್ಲ ಒಡದು ಸಾಹೇಬನ ಕೈಯಾಗ ಇಟ್ಟ. ಸಾಹೇಬ ಬೆಲ್ಲ ಚೀಪಿದ, ಕುಸ್ತಿ ಮಾತಾಡಿದ, ತಕ್ಕಡಿ ಕಡೆ ಹೊಳ್ಳಿ ಸುದ್ದಾ ನೋಡ್ಲಿಲ್ಲ.

“ಸಾಹೇಬ್ರ, ಅವರ ತಕ್ಕಡೀನೂ ಡಬ್ಬ ಹಾಕ್ರಿ!” ಯಲ್ಲವ್ವ ಅಲ್ಲಿಂದನ ಒದರಿದ್ಲು.

“ಬಾಯಿ ಮುಚ್ಚು! ಹೆಣ್ಣಾಗಿ ಮೋಸ ಮಾಡಾಕ ನಾಚಿಕಿ ಬರೂದಿಲ್ಲ?”

“ಗಂಡಸರು ಮಾಡಿದ್ರ ನಾಚಿಕಿ ಇಲ್ಲೇನ್ರಿ?”

ಪೊಲೀಸ ಅಕಿನ್ನ ಕಚೇರಿಗೆ ಕರಕೊಂಡು ಹೋದ. ಹಿಂದ ಹುಡುಗ್ರು, “ಕಳ್ಳಿ! ಕಳ್ಳಿ!”

ಅಕ್ಕವ್ವಗ ಮದಲ ಜೀವ ಬಂದಂಗಾತು. ಅಪ್ಪ ಉಳಕೊಂಡ! ಆಮ್ಯಾಲ ತಮ್ಮ ಪರಡಿ ತಳಾ ಮುಟ್ಟಿ ನೋಡಿದ್ಲು.

“ಅಪ್ಪಾ, ನಮ್ಮ ತಕ್ಕಡಿ ಯಾಕ ನೋಡ್ಲಿಲ್ಲ?”

“ನಾ ಪೈಲ್ವಾನ ಅದೇನಿ, ಅದಕ್ಕ, ನನ್ನವ್ವಾ.”

ಅಕ್ಕವ್ವ ಒಂದೀಟು ವಿಚಾರ ಮಾಡಿದ್ಲು. “ಕುಸ್ತಿಗೆ ಯಾರರ ಮೈಗೆ ಎಣ್ಣಿ ಹಚ್ಕೊಂಡು ಬಂದ್ರ?”

“ಹಿಡಿದ್ರ ಜಾರತೈತಿ. ಪಂಚರು ಮೈ ಮುಟ್ಟಿ ನೋಡಿ ಹೊರಗ ಹಾಕ್ತಾರ.”

“ದೊಡ್ಡ ಪೈಲ್ವಾನನ್ನ?”

“ದೊಡ್ಡಾಂವ ಇರ್ಲಿ, ಸಣ್ಣಾಂವ ಇರ್ಲಿ, ಪಂಚರು ಬಿಡೂದ...”

ಲಕ್ಕಪ್ಪ ತನ್ನ ತಕ್ಕಡಿ ಕಡೆ ಹೊಳ್ಳಿದ. ಮಗಳ ಮಾರಿ ನೋಡಿದ. ಅಕಿ ಚುಚ್ಚಾಕಂತ ಕೇಳಿರ್ಲಿಲ್ಲ, ತಿಳೀದ ಕೇಳಿದ್ಲು. ಅದಕ್ಕ ಹೆಚ್ಚು ನಾಟಿತು.

ತಕ್ಕಡಿ ಹೆಗಲಿಗೆ ಹಾಕ್ಕೊಂಡ, ಮಗಳ ಕೈ ಹಿಡಕೊಂಡ, ಸೀದಾ ಕಚೇರಿಗೆ ನಡದ. ಸಾಹೇಬನ ಟೇಬಲ್ ಮ್ಯಾಲ ಪರಡಿ ಡಬ್ಬ ಹಾಕಿದ.

ಸಾಹೇಬ ಹುಣಚಿಹಣ್ಣು ನೋಡಿ ಹಲ್ಲು ಕಿಸದ. “ಹುಡುಗ್ರ ಆಟ ಇರಬೇಕ್ರಿ, ಪೈಲ್ವಾನರ. ಈ ಹುಡುಗೀನ ಮೆತ್ತಿರಬೇಕು.”

ಅಕ್ಕವ್ವ ಅಪ್ಪನ ಧೋತರ ಗಟ್ಟಿ ಹಿಡಕೊಂಡ್ಲು.

“ಮೆತ್ತಿದಾಂವ ನಾನ್ರಿ. ಅಕಿ ಹೆಸರು ತಗೀಬ್ಯಾಡ್ರಿ. ಯಲ್ಲವ್ವಾಯಿಗೆ ಏನ್ ದಂಡ ಹಾಕ್ತೀರಿ, ನನಗೂ ಅಷ್ಟ ಹಾಕ್ರಿ.”

ಸಾಹೇಬ ಒಲ್ಲೆ ಅಂದ. ಲಕ್ಕಪ್ಪ ಬಾಗಿಲದಾಗ ಕುಂತಬಿಟ್ಟ. ಅಂಥಾ ಆಳು ಬಾಗಿಲದಾಗ ಕುಂತ್ರ ಕಚೇರಿ ನಡೀತೈತೇನು? ಒಳಗಿನಾವ್ರು ಒಳಗ, ಹೊರಗಿನಾವ್ರು ಹೊರಗ! ಕಡೀಕ ಇಬ್ಬರಿಗೂ ಒಂದ ದಂಡ ಬಿತ್ತು.

“ನನ್ನ ದಂಡೇನೂ ಕಡಿಮಿ ಆಗ್ಲಿಲ್ಲ ಬಿಡು,” ಅಂದ್ಲು ಯಲ್ಲವ್ವ. “ಆದ್ರ ನಿನಗೂ ಬಿತ್ತಲ್ಲೋ ಲಕ್ಕಪ್ಪಾ, ಇವತ್ತ ರೊಟ್ಟಿ ರುಚಿ ಹತ್ತತೈತಿ!”

ಲಕ್ಕಪ್ಪಗೂ ನಗು ಬಂತು.

ಹೊರಗ ಮಂದಿ ಕೂಡಿತ್ತು. ಸುದ್ದಿ ಆಗಲೇ ಹಬ್ಬಿತ್ತು.

“ಎಂಥಾ ಖರೆ ಮನಶ್ಯಾ ನೋಡ್ರಿ! ತಾನಾಗೇ ಬಂದು ದಂಡ ಕಟ್ಟಿದ! ಪೈಲ್ವಾನ ಅಂದ್ರ ಹಿಂಗಿರಬೇಕು!”

ಯಾರೋ ಹೂವಿನ ಮಾಲಿ ತಂದು ಕೊರಳಿಗೆ ಹಾಕಿದ್ರು. ಲಕ್ಕಪ್ಪ ಬ್ಯಾಡ ಬ್ಯಾಡ ಅಂದ್ರೂ ಕೇಳವಲ್ರು.

ಅದ ಬಾಗಿಲದಿಂದ ಯಲ್ಲವ್ವ ಹೊರಗ ಬಂದ್ಲು.

“ಕಳ್ಳಿ ಬಂದ್ಲು, ಬಾಜೂಕ ಸರೀರಿ,” ಅಂದ್ರು ಯಾರೋ.

ಅಕ್ಕವ್ವ ಅಪ್ಪನ ಕೊರಳಾಗಿನ ಮಾಲಿ ನೋಡಿದ್ಲು. ಒಬ್ಬಾಕಿನ ಹೊಂಟಿದ್ದ ಯಲ್ಲವ್ವನ್ನ ನೋಡಿದ್ಲು. ಅಪ್ಪನ ಕೈಯಾಗಿಂದ ತನ್ನ ಕೈ ಮೆಲ್ಲಕ ಬಿಡಿಸ್ಕೊಂಡು ಓಡಿದ್ಲು.

“ಆಯಿ, ನಿಂದ್ರು, ನಾನೂ ಬರ್ತೇನಿ.”

“ಯಾಕವಾ? ನಿಮ್ಮಪ್ಪನ ಕೂಡ ಹೋಗು. ಅಲ್ಲಿ ಮೆರವಣಿಗಿ ಐತಿ.”

ಅಕ್ಕವ್ವ ಆಯಿಯ ಬೆರಳು ಹಿಡಕೊಂಡ್ಲು.

“ಅಪ್ಪನ ಕೂಡ ಭಾಳ ಮಂದಿ ಅದಾರ,” ಅಂದ್ಲು.